ಕಾಲುವೆಯ ಈಜು, ಕಡಲಿನ ಸೆಳವು

ದಸರಾ ರಜೆ ಹತ್ತಿರವಾಯಿತೆಂದರೆ ಹೊಸಪೇಟೆ, ಸಂಡೂರು, ಕಂಪ್ಲಿಯ ಮನೆಗಳಲ್ಲಿ ಕಡಲಿನ ಮಾತು ಏಳುತ್ತದೆ. ಹಂಪಿ ನೋಡಲು ದೇಶ ವಿದೇಶದ ಜನ ಇಲ್ಲಿಗೆ ಬರುತ್ತಾರೆ. ಇಲ್ಲಿಯ ಮಕ್ಕಳಿಗೆ ಬೇಕಾದದ್ದು ಮಾತ್ರ ಗೋಕರ್ಣ, ಕಾರವಾರ, ಮುರ್ಡೇಶ್ವರ. ಬಾಡಿಗೆಗೊಂದು ಗಾಡಿ ಗೊತ್ತಾಗುತ್ತದೆ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅಜ್ಜಿಯೂ ಸೇರಿ ಒಂಬತ್ತು ಮಂದಿ ಹೊರಟರೆ ಅವರಲ್ಲಿ ನಾಲ್ವರು ಹತ್ತು ವರ್ಷದೊಳಗಿನವರು. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಹಾದು ಗೋಕರ್ಣ ಮುಟ್ಟಲು ಹೊಸಪೇಟೆಯಿಂದ ಸುಮಾರು 300 ಕಿ.ಮೀ. ಕಂಪ್ಲಿಯವರಿಗೆ ಇನ್ನೊಂದು ಮೂವತ್ತು ಹೆಚ್ಚು. ದೊಡ್ಡವರಿಗೆ ಆರೇಳು ಗಂಟೆಯ ಪ್ರಯಾಣ. ಚಿಕ್ಕ ಮಕ್ಕಳಿದ್ದರೆ ಒಂದು ಇಡೀ ಹಗಲು ಎಂದೇ ಲೆಕ್ಕ ಹಿಡಿಯಬೇಕು.

ಆದರೆ ಅನೇಕರು ಹಗಲನ್ನು ಉಳಿಸಲು ನೋಡುತ್ತಾರೆ. ರಾತ್ರಿ ಊಟ ಮಾಡಿ ಹೊರಟರೆ ಮಕ್ಕಳು ಮಲಗಿರುತ್ತಾರೆ, ಬೆಳಗಾಗುವುದರೊಳಗೆ ಕಡಲು ಕಾಣುತ್ತದೆ ಎಂಬ ಲೆಕ್ಕ. ಈ ಲೆಕ್ಕದಲ್ಲಿ ಚಾಲಕನ ನಿದ್ದೆ ಬಿಟ್ಟುಹೋಗಿರುತ್ತದೆ. ಮನುಷ್ಯನ ಶರೀರದೊಳಗೆ ಒಂದು ದಿನಚರಿಯ ಗಡಿಯಾರವಿದೆ. ನಡುರಾತ್ರಿ ಎರಡರಿಂದ ಐದರವರೆಗೆ ಅದು ಎಚ್ಚರವನ್ನು ತೀರ ತಗ್ಗಿಸುತ್ತದೆ. ಚಹಾ ಕುಡಿದರೂ ಮುಖ ತೊಳೆದರೂ ಗಡಿಯಾರ ಬದಲಾಗುವುದಿಲ್ಲ. ರಾತ್ರಿ ಹೊಸಪೇಟೆ ಬಿಟ್ಟವರು ಈ ಹೊತ್ತಿಗೆ ಸರಿಯಾಗಿ ಯಲ್ಲಾಪುರದ ಕಾಡಿನಲ್ಲಿ, ಘಟ್ಟದ ತಿರುವುಗಳಲ್ಲಿ ಇರುತ್ತಾರೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ವ್ಯಾಪಾರಿಗಳ ಲಾರಿ ಕಣಿವೆಗೆ ಉರುಳಿ ಹತ್ತು ಮಂದಿ ಸತ್ತದ್ದು ಇದೇ ದಾರಿಯಲ್ಲಿ. ಬೆಳಗಿನ ಐದೂವರೆಗೆ, ಚಾಲಕ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ, ಹೊರಡುವುದೇ ಸರಿ. ಮಕ್ಕಳು ಗದಗದವರೆಗೆ ಹೇಗೂ ಮಲಗುತ್ತಾರೆ.

ಎಲ್ಲಿ ಮಲಗುತ್ತಾರೆ ಎಂಬುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಚಿಕ್ಕದು ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ, ದೊಡ್ಡವೆರಡು ಹಿಂದಿನ ಸಾಮಾನಿನ ಜಾಗದಲ್ಲಿ ಚೀಲಗಳ ಮೇಲೆ. ಎಂಟನೆಯ ಇಯತ್ತೆಯ ವಿದ್ಯಾರ್ಥಿ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಎದುರಿನ ವಾಹನಕ್ಕೆ ಬಡಿದು ಗಾಡಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಜಡತ್ವದ ನಿಯಮದಂತೆ ಮಗು ಮಾತ್ರ ಅದೇ ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. 10 ಕೆ.ಜಿ. ತೂಕದ ಆ ಮಗುವನ್ನು ಹಿಡಿದು ನಿಲ್ಲಿಸಲು ಬೇಕಾದ ಬಲ ಸುಮಾರು 1,700 ನ್ಯೂಟನ್, ಅಂದರೆ 170 ಕೆ.ಜಿ.ಯನ್ನು ಎತ್ತಿ ಹಿಡಿಯುವಷ್ಟು. ಒಂದೂವರೆ ಕ್ವಿಂಟಲ್‌ಗೂ ಮಿಕ್ಕಿದ ಮೂಟೆಯನ್ನು ಯಾವ ತಾಯಿಯ ತೋಳು ಹಿಡಿದೀತು? ತಾಯಿಯೂ ಪಟ್ಟಿ ಕಟ್ಟಿರದಿದ್ದರೆ ಅವಳ ಭಾರವೂ ಮಗುವಿನ ಮೇಲೆಯೇ ಬೀಳುತ್ತದೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗು ಸೀಟು ಪಟ್ಟಿಯಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕುಳಿತಿದ್ದರೆ ವಾಹನ ನಡೆಸುವವರಿಗೆ 1,000 ರೂಪಾಯಿ ದಂಡ. ದಂಡದ ಮಾತು ಬಿಡಿ. ಬಾಡಿಗೆ ಗಾಡಿ ಗೊತ್ತುಮಾಡುವಾಗಲೇ ಹಿಂದಿನ ಸೀಟುಗಳ ಪಟ್ಟಿಗಳನ್ನು ಒಮ್ಮೆ ಎಳೆದು ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಅವು ಸೀಟಿನ ಕವರಿನ ಕೆಳಗೆ ಹುದುಗಿರುತ್ತವೆ. ಪಟ್ಟಿ ದೊಡ್ಡವರ ಅಳತೆಗೆ ಮಾಡಿದ್ದು. ಸುಮಾರು ನಾಲ್ಕೂವರೆ ಅಡಿ ಎತ್ತರವಾಗುವವರೆಗೆ ಅದು ಮಗುವಿನ ಕುತ್ತಿಗೆಗೆ ಬರುತ್ತದೆ. ಆದ್ದರಿಂದ ಚಿಕ್ಕವರಿಗೆ ಮಕ್ಕಳ ಸೀಟನ್ನೇ ಹೊಂದಿಸಿಕೊಳ್ಳುವುದು ಒಳ್ಳೆಯದು, ಅದೂ ಹಿಂದಿನ ಸಾಲಿನಲ್ಲಿ. ಒಂಬತ್ತು ಮಂದಿಗೆ ಏಳು ಸೀಟಿನ ಗಾಡಿ ಸಾಲದು ಎಂಬ ಮಾತೂ ಇದರಲ್ಲಿಯೇ ಬಂತು.

ದಾರಿಯಲ್ಲಿ ಮಕ್ಕಳಿಗೆ ತೋರಿಸಬೇಕಾದದ್ದು ಬಹಳ ಇದೆ. ಅವುಗಳಲ್ಲಿ ಹೆಚ್ಚಿನವರು ಗಮನಿಸದೆ ದಾಟಿಬಿಡುವುದು ಹುಬ್ಬಳ್ಳಿಯ ಆಸುಪಾಸಿನ ನೆಲ. ನೋಡಲು ಬರೀ ಬಯಲು, ಎತ್ತರದ ಗುಡ್ಡವೇನೂ ಇಲ್ಲ. ಆದರೆ ನೀರು ಬೇರ್ಪಡುವುದು ಇಲ್ಲಿ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣಿಹಳ್ಳವಾಗಿ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಶಾಲ್ಮಲೆ, ಬೇಡ್ತಿಯಾಗಿ ಅರಬ್ಬಿ ಸಮುದ್ರಕ್ಕೆ. ಹೊಸಪೇಟೆಯ ಮಕ್ಕಳಿಗೆ ಇದು ಇನ್ನೂ ಸೋಜಿಗ. ತುಂಗೆ, ಭದ್ರೆ ಎರಡೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ. ನೇರ ಗೆರೆ ಎಳೆದರೆ ಅಲ್ಲಿಂದ ಅರಬ್ಬಿ ಸಮುದ್ರ 100 ಕಿ.ಮೀ. ಕೂಡ ಇಲ್ಲ. ಅಷ್ಟು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ ಆ ನೀರು ಹೊಸಪೇಟೆ, ಹಂಪಿ, ಕಂಪ್ಲಿಗಳನ್ನು ದಾಟಿ ಇನ್ನೊಂದು ಕಡಲಿಗೆ ಹೋಗುತ್ತದೆ. ಕಡಲು ನೋಡಲು ಹೊರಟ ಮಕ್ಕಳು ತಮ್ಮೂರಿನ ನದಿಗೆ ಎದುರು ದಿಕ್ಕಿನಲ್ಲಿ ಪ್ರಯಾಣ ಮಾಡುತ್ತಿರುತ್ತಾರೆ.

ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗಿಂತ ತುಸು ಮೇಲಿದೆ. ಬೇಡ್ತಿ ಇಲ್ಲಿಯೇ ಹತ್ತಿರದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ ಕೆಳಗಿಳಿಯುತ್ತದೆ. ರಸ್ತೆಗೆ ಹಾಗೆ ಧುಮುಕುವುದು ಸಾಧ್ಯವಿಲ್ಲವಲ್ಲ, ಅರಬೈಲು ಘಟ್ಟದಲ್ಲಿ ಸುತ್ತಿ ಸುತ್ತಿ ಇಳಿಯುತ್ತದೆ. ಮಕ್ಕಳು ವಾಂತಿ ಮಾಡುವುದು ಇಲ್ಲಿ. ಇದಕ್ಕೆ ಹೊಟ್ಟೆಯನ್ನು ದೂರಿ ಪ್ರಯೋಜನವಿಲ್ಲ, ಮೂಲ ಕಿವಿಯಲ್ಲಿದೆ. ಒಳಗಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳೊಳಗಿನ ದ್ರವ ಅಲುಗಿದಾಗ ಶರೀರ ತಿರುಗುತ್ತಿದೆ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಅದೇ ಹೊತ್ತಿಗೆ ಮಗುವಿನ ಕಣ್ಣು ಮುಂದಿನ ಸೀಟಿನ ಬೆನ್ನನ್ನೋ ಕೈಯಲ್ಲಿಯ ಮೊಬೈಲನ್ನೋ ನೋಡುತ್ತ, ಏನೂ ಅಲುಗುತ್ತಿಲ್ಲ ಎನ್ನುತ್ತದೆ. ಎರಡು ಸಾಕ್ಷಿಗಳು ಹೊಂದದೆ ಹೋದಾಗ ವಾಕರಿಕೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಕಾಟ ಕಡಿಮೆ, ಎರಡರಿಂದ ಹನ್ನೆರಡರವರೆಗೆ ಹೆಚ್ಚು.

ಉಪಾಯವೂ ಇದರಲ್ಲಿಯೇ ಇದೆ. ಕಿವಿ ಹೇಳುವುದನ್ನು ಕಣ್ಣೂ ಕಾಣುವಂತೆ ಮಾಡಬೇಕು. ಯಲ್ಲಾಪುರದಲ್ಲಿ ಮೊಬೈಲು, ಚಿತ್ರಪುಸ್ತಕ ಎಲ್ಲ ಒಳಗಿಡಿಸಿ, ಮುಂದಿನ ರಸ್ತೆಯನ್ನು ನೋಡಲು ಹೇಳಿ. ಕಿಟಕಿ ತುಸು ತೆರೆದಿರಲಿ. ಹೊಟ್ಟೆ ಪೂರಾ ಖಾಲಿಯೂ ಬೇಡ, ಒಗ್ಗರಣೆ ಮಂಡಕ್ಕಿಯ ಜೊತೆ ನಾಲ್ಕು ಮಿರ್ಚಿ ತಿಂದು ಬಿಗಿದಿರುವುದೂ ಬೇಡ. ನಿಂಬೆಹಣ್ಣು ಮೂಸಿಸುವ ಅಜ್ಜಿಯರನ್ನು ತಡೆಯಬೇಕಾಗಿಲ್ಲ, ಅದರಿಂದ ಹಾನಿಯೇನಿಲ್ಲ. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಕೊಡಬಾರದು. ದೊಡ್ಡವರಿಗಾಗಿ ತಂದ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ಕೊಡುವುದು ಅಪಾಯ.

ಘಟ್ಟ ಇಳಿಯುವಾಗ ಮಕ್ಕಳ ಕೈಗೆ ಮೊಬೈಲಿನ ಬದಲು ನೀರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ಕೊಡಬಹುದು. ಯಲ್ಲಾಪುರದಲ್ಲಿ ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಇಟ್ಟರೆ ಅಂಕೋಲಾ ತಲುಪುವಾಗ ಬಾಟಲಿಯ ಪಕ್ಕೆ ಒಳಕ್ಕೆ ಒತ್ತಿಕೊಂಡಿರುತ್ತದೆ. ಕೆಳಗಿನ ಗಾಳಿಯ ಒತ್ತಡ ನೂರಕ್ಕೆ ಆರರಷ್ಟು ಹೆಚ್ಚು. ಕಿವಿ ಮುಚ್ಚಿದಂತಾಗುವುದಕ್ಕೂ ಇದೇ ಕಾರಣ. ಉಗುಳು ನುಂಗಿದರೆ ಕಿವಿ ತೆರೆಯುತ್ತದೆ. ಅಳುವ ಕೂಸಿಗೆ ಹಾಲು ಕುಡಿಸಬೇಕಾದರೆ ಗಾಡಿಯನ್ನು ಬದಿಗೆ ನಿಲ್ಲಿಸಿಯೇ ಕುಡಿಸಿ.

ಅಂಕೋಲೆಯ ಹತ್ತಿರ ಬೇಲೆಕೇರಿ ಇದೆ. ಸಂಡೂರಿನ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು. ಅವರ ಗುಡ್ಡಗಳ ಅದಿರು ಲಾರಿ ಲಾರಿಯಾಗಿ ಇದೇ ರಸ್ತೆಯಲ್ಲಿ ಬಂದು ಇಲ್ಲಿಂದ ಹಡಗು ಏರುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರ ಲೋಕಾಯುಕ್ತ ವರದಿ ಉಳಿದ ಕಥೆ ಹೇಳಿತು.

ಇನ್ನು ಕಡಲು. ಕಂಪ್ಲಿ, ಹಂಪಿ, ಹೊಸಪೇಟೆಯ ಕಡೆಯ ಮಕ್ಕಳು ನೀರಿಗೆ ಹೆದರುವವರಲ್ಲ. ವಿಜಯನಗರದ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಿಂದ ಹಿಡಿದು ತುಂಗಭದ್ರಾ ಯೋಜನೆಯ ಕಾಲುವೆಗಳವರೆಗೆ ಎಲ್ಲಿ ನೋಡಿದರೂ ನೀರು; ಹತ್ತು ವರ್ಷದ ಹುಡುಗ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತಿರುತ್ತಾನೆ. ತಂದೆತಾಯಿಗಳಿಗೆ ಇದೇ ಧೈರ್ಯ. ನಿಜವಾದ ಗಂಡಾಂತರ ಇರುವುದು ಈ ಧೈರ್ಯದಲ್ಲಿ. ಕಾಲುವೆಯ ಸೆಳವು ದಡಕ್ಕೆ ಸಮಾನಾಂತರವಾಗಿ ಹರಿಯುತ್ತದೆ. ಅಲ್ಲಿ ಸುಸ್ತಾದವನು ದಡದ ಕಡೆಗೆ ಕೈ ಬೀಸಿದರೆ ಸಾಕು, ಸ್ವಲ್ಪ ಕೆಳಗಾದರೂ ದಡ ಸಿಕ್ಕುತ್ತದೆ. ಕಡಲಿನಲ್ಲಿ ಪ್ರಾಣ ತೆಗೆಯುವ ಸೆಳವು ದಡಕ್ಕೆ ಬೆನ್ನು ಮಾಡಿ, ನೇರ ಒಳಕ್ಕೆ ಹರಿಯುತ್ತದೆ. ಇಲ್ಲಿ ದಡದ ಕಡೆಗೆ ಈಜುವವನು ಪ್ರವಾಹಕ್ಕೆ ಎದುರಾಗಿ ಈಜುತ್ತಿರುತ್ತಾನೆ. ಜೋರಿದ್ದಾಗ ಅದರ ವೇಗ ಸೆಕೆಂಡಿಗೆ 2 ಮೀಟರಿನವರೆಗೂ ಹೋಗುತ್ತದೆ. ಒಲಿಂಪಿಕ್ ಈಜುಗಾರನಿಗೂ ಅದು ಕಷ್ಟ.

ಸೆಳವು ಹೇಗೆ ಹುಟ್ಟುತ್ತದೆ ಎಂಬುದನ್ನು ಹೊಸಪೇಟೆಯ ಮಕ್ಕಳಿಗೆ ವಿವರಿಸುವುದು ಸುಲಭ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಅಷ್ಟು ದೊಡ್ಡ ಜಲಾಶಯದ ನೀರು ಆ ಒಂದು ಕಿಂಡಿಗೆ ಹೇಗೆ ನುಗ್ಗಿತೆಂದು ಊರೇ ನೋಡಿದೆ. ಅಲೆಗಳು ಒಂದರ ಹಿಂದೊಂದು ದಡಕ್ಕೆ ನೀರು ತಂದು ಸುರಿಯುತ್ತವೆ. ದಡದಿಂದ ತುಸು ಒಳಗೆ, ನೀರಿನ ಕೆಳಗೆ, ಮರಳಿನ ದಿಬ್ಬ ಒಡ್ಡಿನಂತೆ ಮಲಗಿರುತ್ತದೆ. ಬಂದ ನೀರು ಹಿಂದೆ ಹೋಗಲೇಬೇಕು. ದಿಬ್ಬದಲ್ಲಿ ಎಲ್ಲಿ ಕಿಂಡಿ ಸಿಕ್ಕಿತೋ ಅಲ್ಲಿಂದ ನುಗ್ಗಿ ಹೋಗುತ್ತದೆ. ಕಿಂಡಿಯ ಜಾಗದಲ್ಲಿ ನೀರು ಆಳ, ಹಾಗಾಗಿ ಅಲೆಗಳು ಅಲ್ಲಿ ಒಡೆಯುವುದಿಲ್ಲ. ಎರಡು ಕಡೆ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾಗಿ ಕಾಣುವ ಓಣಿ. ಅಲೆಗೆ ಅಂಜಿದ ತಾಯಂದಿರು ‘ಅಲ್ಲಿ ಅಲೆಯಿಲ್ಲ, ಅಲ್ಲಿಗೆ ಹೋಗಿ’ ಎಂದು ಮಕ್ಕಳನ್ನು ಕಳಿಸುವುದು ಆ ಓಣಿಗೇ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ, ಕೆರೆಗಳ ನಾಡಿನಿಂದ ಬಂದಿದ್ದ ಮಕ್ಕಳು.

ನೀರಿಗಿಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ಅಲೆಗಳನ್ನು ನೋಡುವ ಅಭ್ಯಾಸ ಬೇಕು. ಜೀವರಕ್ಷಕರಿದ್ದಲ್ಲಿ ಅವರನ್ನೇ ಕೇಳಿ. ಕೆಂಪು ಬಾವುಟ ಕಂಡರೆ ಮರಳಿನಲ್ಲಿ ಗುಡಿ ಕಟ್ಟಿಸಿ. ದೊಡ್ಡವರ ಮೊಣಕಾಲುಮಟ್ಟದ ನೀರೆಂದರೆ ನಾಲ್ಕು ವರ್ಷದ ಮಗುವಿಗೆ ಸೊಂಟಮಟ್ಟ ಎಂಬುದು ನೆನಪಿರಲಿ. ಪ್ರತಿ ಚಿಕ್ಕ ಮಗುವಿಗೂ ಕೈಗೆಟುಕುವಷ್ಟು ದೂರದಲ್ಲಿ ಒಬ್ಬ ದೊಡ್ಡವರು, ಅವರ ಕೈಯಲ್ಲಿ ಫೋನಿಲ್ಲದೆ. ಮುಳುಗುವ ಮಗು ಸಿನಿಮಾದಲ್ಲಿಯಂತೆ ಕೂಗುವುದಿಲ್ಲ. ಉಸಿರಿಗೇ ತತ್ವಾರವಾದಾಗ ಕೂಗುವುದೆಲ್ಲಿ ಬಂತು? ಗಾಳಿ ತುಂಬಿದ ಟ್ಯೂಬು ಕೊಟ್ಟು ಕೂರಿಸುವುದಂತೂ ಬೇಡವೇ ಬೇಡ. ಬೆಳಗಿನ ಹೊತ್ತು ನೆಲದ ಗಾಳಿ ಕಡಲಿನ ಕಡೆಗೆ ಬೀಸುತ್ತದೆ, ಟ್ಯೂಬು ಅದರ ಜೊತೆ ಹೊರಡುತ್ತದೆ. ಈಜು ಬಲ್ಲ ದೊಡ್ಡ ಹುಡುಗರಿಗೆ ಒಂದು ಮಾತನ್ನು ಬಾಯಿಪಾಠ ಮಾಡಿಸಬೇಕು: ಸೆಳವು ಹಿಡಿದರೆ ದಡದ ಕಡೆ ಈಜಬಾರದು. ಮೊದಲು ಮೈ ಸಡಿಲಬಿಟ್ಟು ತೇಲಿ, ಕೈಯೆತ್ತಿ ಕರೆಯಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಓಣಿಯಿಂದ ಹೊರಬಿದ್ದು, ನೊರೆ ಇರುವ ಕಡೆಯಿಂದ ಅಲೆಗಳ ಜೊತೆ ದಡಕ್ಕೆ ಬರಬೇಕು. ಸೆಳವು ಅಗಲದಲ್ಲಿ ಕಿರಿದು. ಮಗುವನ್ನು ಉಳಿಸಲು ಈಜು ಬಾರದ ತಂದೆ ಧುಮುಕಿದರೆ ಮನೆಗೆ ಇಬ್ಬರು ಕಡಿಮೆಯಾದಾರು; ಹಗ್ಗವೋ ಖಾಲಿ ಕ್ಯಾನೋ ಎಸೆಯುವುದು ಮೇಲು.

ನಿನ್ನೆ ಸಂಜೆ ಐದಕ್ಕೆ ಇಲ್ಲಿ ಆಡಿದ್ದೆವು, ಇಂದೂ ಐದಕ್ಕೆ ಆಡೋಣ ಎಂಬ ಲೆಕ್ಕವೂ ನಡೆಯದು. ಜಲಾಶಯದ ಮಟ್ಟ ತಿಂಗಳುಗಳಲ್ಲಿ ಬದಲಾದರೆ ಕಡಲಿನದು ಆರೇಳು ಗಂಟೆಗೊಮ್ಮೆ ಬದಲಾಗುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಇಳಿತದಲ್ಲಿ ನಡೆದು ಬಂಡೆಯ ಮೇಲೆ ಹೋಗಿ ಕುಳಿತವರಿಗೆ ಉಬ್ಬರ ಬಂದಾಗ ಸುತ್ತಲೂ ನೀರು. ಊರಿನ ಮೀನುಗಾರರನ್ನು ಕೇಳಿದರೆ ಅಂದಿನ ಭರತ–ಇಳಿತದ ಹೊತ್ತನ್ನು ಹೇಳುತ್ತಾರೆ.

ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಮಳೆ ನಿಂತು ಬಿಸಿಲು ಬಲಿತ ಮೇಲೆ ಅಲ್ಲಿ ಉಪ್ಪು ತೆಗೆಯುವುದನ್ನು ನೋಡಬಹುದು. ಅದರ ಚಿಕ್ಕ ಮಾದರಿಯನ್ನು ಮನೆಯಲ್ಲಿಯೇ ಮಾಡಲು ಒಂದು ಲೀಟರ್ ಕಡಲ ನೀರು ತುಂಬಿ ತಂದರೆ ಸಾಕು. ಅಗಲವಾದ ಸ್ಟೀಲ್ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಸುರಿದು ಮಾಳಿಗೆಯ ಮೇಲೆ, ಹೊಸಪೇಟೆಯ ಬಿಸಿಲಿನಲ್ಲಿ ಇಡಬೇಕು. ತೆರೆದ ಕಡಲಿನ ನೀರಾದರೆ 35 ಗ್ರಾಮಿನಷ್ಟು ಉಪ್ಪು ಉಳಿಯುತ್ತದೆ, ನಾಲಿಗೆಗೆ ತುಸು ಕಹಿ. ಅದು ಮೆಗ್ನೀಸಿಯಂ ಲವಣಗಳದ್ದು. ದಸರಾ ರಜೆಯಲ್ಲಿ ನದೀಮುಖದ ಹತ್ತಿರ ತುಂಬಿದ ಬಾಟಲಿಯಲ್ಲಿ ಇಷ್ಟು ಸಿಕ್ಕಲಾರದು. ಮಳೆಗಾಲದ ನೀರನ್ನು ಬೇಡ್ತಿ ಆಗಷ್ಟೇ ತಂದು ಸುರಿದಿರುತ್ತದೆ. ಅಲ್ಲಿ ಅದರ ಹೆಸರು ಗಂಗಾವಳಿ.