ಕುರ್ಚಿ ಕೊಟ್ಟರು, ಓಟು ಕೊಡಲಿಲ್ಲ

ಮಡಂತ್ಯಾರು ಕಡೆ ಹೊನಲು ಬೆಳಕಿನ ಪಂದ್ಯಾಟದ ಫ್ಲೆಕ್ಸ್ ಕಂಡರೆ ಒಮ್ಮೆ ನಿಂತು ಹೆಸರು ಓದಿ ನೋಡಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ. ನಾನು ಕಂಡ ಹೆಚ್ಚಿನ ಫ್ಲೆಕ್ಸ್‌ಗಳಲ್ಲಿ ಇರೋದು ಗಂಡಸರ ಫೋಟೊಗಳೇ. ಅದೇ ಊರಲ್ಲಿ ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆ ತಪ್ಪದಂತೆ ಬರೆಯೋರು ಹೆಂಗಸರು. ಪಂಚಾಯತಿಯಲ್ಲಿ ಅರ್ಧ ಸೀಟು ಅವರದ್ದು. ಆಟದ ಸಮಿತಿಗೆ ಮಾತ್ರ ಅವರು ಯಾಕೆ ಬರೋದಿಲ್ಲ?

ದೆಹಲಿ ಇದಕ್ಕೆ ಒಂದು ಉತ್ತರ ಕೊಟ್ಟಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಪ್ರಕಾರ, ಕ್ರೀಡಾ ಫೆಡರೇಷನ್ನಿನ ಕಾರ್ಯಕಾರಿ ಸಮಿತಿಯಲ್ಲಿ ಹೆಚ್ಚೆಂದರೆ 15 ಮಂದಿ ಇರಬಹುದು, ಅದರಲ್ಲಿ ಕನಿಷ್ಠ 4 ಮಂದಿ ಮಹಿಳೆಯರು ಇರಲೇಬೇಕು. ಮರುತಿಂಗಳು ಸುಪ್ರೀಂ ಕೋರ್ಟ್ ಅಂಗೀಕರಿಸಿದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಹೊಸ ಸಂವಿಧಾನದಲ್ಲಿ ಇಬ್ಬರು ಉಪಾಧ್ಯಕ್ಷರ ಪೈಕಿ ಒಬ್ಬರು ಮಹಿಳೆ. ಒಳ್ಳೇದೇ, ನಾನು ಇದನ್ನು ಸ್ವಾಗತಿಸ್ತೇನೆ. ಆದರೆ ಆ ನಾಲ್ವರನ್ನು ಆರಿಸೋದು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ.

2022ರಲ್ಲಿ ಫುಟ್‌ಬಾಲ್‌ನಲ್ಲಿ ಏನಾಯ್ತು ಅಂತ ನೆನಪು ಮಾಡಿಕೊಳ್ಳಿ. ಆಗಸ್ಟ್ 3ರಂದು ಸುಪ್ರೀಂ ಕೋರ್ಟ್, ಫೆಡರೇಷನ್ ಚುನಾವಣೆಯಲ್ಲಿ 36 ರಾಜ್ಯ ಸಂಸ್ಥೆಗಳ ಜತೆ 36 ಮಾಜಿ ಆಟಗಾರರಿಗೂ ಮತ ಕೊಟ್ಟಿತು. ಅವರಲ್ಲಿ 12 ಮಂದಿ ಮಹಿಳೆಯರು. ಆಗಸ್ಟ್ ನಡುವಿನಲ್ಲಿ ಫಿಫಾ, ಹೊರಗಿನವರ ಹಸ್ತಕ್ಷೇಪ ಅಂತ ಹೇಳಿ ಭಾರತವನ್ನು ಅಮಾನತು ಮಾಡಿತು. ಅಕ್ಟೋಬರ್‌ನಲ್ಲಿ ಇಲ್ಲಿ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೈತಪ್ಪುವ ಸ್ಥಿತಿ ಬಂತು. ಆಗಸ್ಟ್ 22ಕ್ಕೆ ಕೋರ್ಟ್ ಆಟಗಾರರ ಮತ ಕೈಬಿಟ್ಟಿತು. ಹುಡುಗಿಯರ ವಿಶ್ವಕಪ್ ಉಳಿಯಿತು, 12 ಹೆಂಗಸರ ಓಟು 19 ದಿನದಲ್ಲಿ ಹೋಯಿತು. ಬದಲಿಗೆ ಸಮಿತಿಯಲ್ಲಿ ಆರು ಆಟಗಾರರಿಗೆ ಜಾಗ ಸಿಕ್ಕಿತು, ಅದರಲ್ಲಿ ಇಬ್ಬರು ಮಹಿಳೆಯರು.

ಸೆಪ್ಟೆಂಬರ್ 2ರಂದು ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆಯಿತು. ಭಾರತ ತಂಡದ ಮಾಜಿ ನಾಯಕ, ಸಿಕ್ಕಿಂನ ಬೈಚುಂಗ್ ಭುಟಿಯಾ ಅವರಿಗೆ ಬಿದ್ದದ್ದು ಒಂದು ಮತ. ಗೋಲ್‌ಕೀಪರ್ ಆಗಿದ್ದು ಆಮೇಲೆ ರಾಜಕಾರಣಿಯಾದ ಕಲ್ಯಾಣ್ ಚೌಬೆ ಅವರಿಗೆ 33. ಈಶಾನ್ಯದ ಹುಡುಗ ಹುಡುಗಿಯರು ಇಲ್ಲದೆ ಭಾರತದ ಫುಟ್‌ಬಾಲ್ ತಂಡವನ್ನು ಊಹಿಸೋಕೂ ಆಗಲ್ಲ. ಆದರೆ 1980ರ ದಶಕದ ಕೊನೆಯಿಂದ ದಾಸ್‌ಮುನ್ಶಿ, ಪ್ರಫುಲ್ ಪಟೇಲ್, ಚೌಬೆ ಅಂತ ಅಧ್ಯಕ್ಷಗಿರಿ ರಾಜಕಾರಣಿಗಳ ನಡುವೆಯೇ ಸುತ್ತಿದೆ. ಮೈದಾನದಲ್ಲಿ ಬೆವರು ಸುರಿಸಿದ ಸಮುದಾಯಗಳಿಗೂ ಹೆಂಗಸರಿಗೂ ಅಡ್ಡ ಬರೋದು ಒಂದೇ ಗೋಡೆ, ಮತದಾರರ ಪಟ್ಟಿ.

ಮತ ಇಲ್ಲದ ಕುರ್ಚಿ ಹೇಗಿರುತ್ತೆ ಅನ್ನೋದಕ್ಕೆ ಕಬಡ್ಡಿ ನೋಡಿ. ಜನಾರ್ದನ ಸಿಂಗ್ ಗೆಹ್ಲೋಟ್ ದಶಕಗಳ ಕಾಲ ಕಬಡ್ಡಿ ಫೆಡರೇಷನ್ ಅಧ್ಯಕ್ಷರಾಗಿದ್ದರು. 2013ರಲ್ಲಿ ಆ ಜಾಗಕ್ಕೆ ಬಂದದ್ದು ಅವರ ಪತ್ನಿ ಮೃದುಲ್ ಭದೌರಿಯಾ. ಲೆಕ್ಕದ ಪ್ರಕಾರ ಅದು ಮಹಿಳಾ ನಾಯಕತ್ವವೇ! 2018ರಲ್ಲಿ ದೆಹಲಿ ಹೈಕೋರ್ಟ್ ಆ ಆಯ್ಕೆಯನ್ನು ರದ್ದು ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ನಮ್ಮ ಪಕ್ಕದ ಕಾರ್ಕಳ ತಾಲೂಕಿನ ಮಮತಾ ಪೂಜಾರಿ 2012ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕಿಯಾಗಿ ಕಪ್ ಗೆದ್ದವರು. ಆ ಪೀಳಿಗೆಯ ಆಟಗಾರ್ತಿಯರಿಗೆ ತಮ್ಮ ಫೆಡರೇಷನ್ ಯಾರು ನಡೆಸಬೇಕು ಅಂತ ಹೇಳೋ ಅಧಿಕಾರ ಎಲ್ಲಿತ್ತು?

ಎಂಜಿನಿಯರಿಂಗ್‌ನಲ್ಲಿ ಕಲಿತ ಒಂದು ಮಾತು ನನಗೆ ಈಗಲೂ ಉಪಯೋಗಕ್ಕೆ ಬರುತ್ತೆ: ಇನ್‌ಪುಟ್ ಬದಲಾಗದೆ ಔಟ್‌ಪುಟ್ ಬದಲಾಗಲ್ಲ. ಇಲ್ಲಿ ಕ್ಲಬ್‌ಗಳು ಜಿಲ್ಲಾ ಸಂಸ್ಥೆಯನ್ನು ಕಟ್ಟುತ್ತವೆ, ಜಿಲ್ಲೆಗಳು ರಾಜ್ಯ ಸಂಸ್ಥೆಯನ್ನು, ರಾಜ್ಯಗಳು ರಾಷ್ಟ್ರೀಯ ಫೆಡರೇಷನ್ನನ್ನು. ಕೆಳಗಿನ ಮೆಟ್ಟಿಲಲ್ಲಿ ಹೆಂಗಸರು ಸದಸ್ಯರೇ ಆಗಿಲ್ಲ ಅಂದ್ರೆ ಮೇಲಿನ ನಾಲ್ಕು ಕುರ್ಚಿಗಳಿಗೆ ಯಾರನ್ನು ಕೂರಿಸೋದು? ಪದಾಧಿಕಾರಿಯ ಹೆಂಡತಿ, ತಂಗಿ, ಇಲ್ಲವೇ ಎದುರು ಮಾತಾಡದ ಮಾಜಿ ಆಟಗಾರ್ತಿ.

"ಹುಡುಗಿಯರು ಬರೋದೇ ಇಲ್ಲ ಮಾರಾಯ್ರೆ" ಅಂತ ಕ್ಲಬ್‌ನವರು ಹೇಳ್ತಾರೆ. ಪಂಚಾಯತಿ ವಿಷಯದಲ್ಲೂ ಇದೇ ಮಾತಿತ್ತು. 1987ರಲ್ಲಿ ಕರ್ನಾಟಕದ ಮಂಡಲ ಪಂಚಾಯತಿಗಳಲ್ಲಿ ಶೇ. 25 ಸೀಟು ಮಹಿಳೆಯರಿಗೆ ಮೀಸಲಾದಾಗ ಅಭ್ಯರ್ಥಿಗಳು ಎಲ್ಲಿ ಸಿಗ್ತಾರೆ ಅಂತ ಕೇಳಿದವರಿದ್ದರು. ಇವತ್ತು ಅದು ಅರ್ಧಕ್ಕೆ ಏರಿದೆ. ಅಲ್ಲೂ ಗಂಡನೇ ಆಡಳಿತ ನಡೆಸೋದು ಪೂರ್ತಿ ನಿಂತಿಲ್ಲ, ನಿಜ. ಆದರೆ ಪಂಚಾಯತಿ ಸದಸ್ಯೆಯ ಹಿಂದೆ ವಾರ್ಡಿನ ಓಟು ಇದೆ. ಗಂಡನ ಮಾತು ಮೀರಿ ನಿಂತ ದಿನ ಅವಳನ್ನು ಉಳಿಸೋದು ಆ ಓಟು. ಕ್ರೀಡಾ ಸಮಿತಿಗೆ ನಾಮಕರಣ ಆದವಳಿಗೆ ಆ ಬೆನ್ನೆಲುಬು ಇಲ್ಲ.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಊರಿನ ಕ್ಲಬ್ ಆಟಗಾರ್ತಿಯರನ್ನು ಚಂದಾ ತೆಗೆದುಕೊಂಡು ಸದಸ್ಯರನ್ನಾಗಿ ಮಾಡಲಿ. ಜಿಲ್ಲಾ ಸಂಸ್ಥೆಯಲ್ಲಿ ಮತ ಬೇಕಿರುವ ಕ್ಲಬ್, ತನ್ನ ಸದಸ್ಯರಲ್ಲಿ ಎಷ್ಟು ಮಂದಿ ಹೆಂಗಸರು ಅಂತ ಬರೆದುಕೊಡಲಿ. ಮಹಿಳಾ ತಂಡ ನಡೆಸುವ ಕ್ಲಬ್‌ಗೆ ಆ ತಂಡದ ಹೆಸರಲ್ಲೂ ಒಂದು ಮತ ಇರಲಿ. ಇದಕ್ಕೆ ದೆಹಲಿಯ ಕಾಯ್ದೆಯೂ ಬೇಡ, ಫಿಫಾದ ಒಪ್ಪಿಗೆಯೂ ಬೇಡ. ಬೈಲಾದಲ್ಲಿ ಎರಡು ಸಾಲು ಸಾಕು.

ನಿಮ್ಮಲ್ಲಿ ಹಲವರು ಯಾವುದೋ ಯುವಕ ಮಂಡಲದ ಸದಸ್ಯರಾಗಿರ್ತೀರಿ. ಮುಂದಿನ ಮಹಾಸಭೆಯಲ್ಲಿ ಆ ಎರಡು ಸಾಲನ್ನು ಮಂಡಿಸಿ. ಯಾರು ಕೈ ಎತ್ತುತ್ತಾರೆ, ಯಾರು ಎತ್ತಲ್ಲ ಅಂತ ಬರೆದಿಟ್ಟುಕೊಳ್ಳಿ.