ಬೇಸ್ ಹೆಂಗೈತಿ ಅಂತ ಕೇಳೋರಿಗೆ

ಹೊಸ ಹೆಡ್‌ಫೋನ್ ತಗೊಂಡೆ ಅಂತ ಆಫೀಸಿನಲ್ಲಿ ಯಾರಾದರೂ ಅಂದರೆ ಸಾಕು, ಪಕ್ಕದ ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಬೇಸ್ ಹೆಂಗಿದೆ ಗುರು?’ ಇಷ್ಟು ವರ್ಷದ ನೌಕರಿಯಲ್ಲಿ ಒಬ್ಬನೇ ಒಬ್ಬ ‘ಹಾಡೋರ ದನಿ ಹೆಂಗೆ ಕೇಳುತ್ತೆ?’ ಅಂತ ಕೇಳಿದ್ದು ನನಗೆ ನೆನಪಿಲ್ಲ. ಹಾಗೆ ಬೇಸ್ ಕೇಳಿದವನ ಫೋನ್ ಇಸಕೊಂಡು ನೋಡಿ. ರಾಜಕುಮಾರ್, ಎಸ್ಪಿಬಿ, ಜಾನಕಿ, ಅಶ್ವತ್ಥ್, ವಿಜಯ್ ಪ್ರಕಾಶ್. ಎಲ್ಲಾ ಕಂಠ. ಕೇಳೋದು ಬರೀ ಕಂಠ, ಕೊಳ್ಳೋದು ಬರೀ ಬೇಸ್. ಇದು ಹೆಂಗಾಯ್ತು ಅಂದ್ರೆ, ಮಿರ್ಚಿ ತಿನ್ನಾಕ ಹೋದವನು ಎಣ್ಣೆ ಎಷ್ಟು ಹಾಕ್ತೀರಿ ಅಂತ ವಿಚಾರಿಸಿದಂಗೆ.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ನಾವು ಕೇಳಿದ್ದನ್ನು ಅವರು ಮಾರ್ತಾರೆ. ಡಬ್ಬದ ಮೇಲೆ ‘ಎಕ್ಸ್‌ಟ್ರಾ ಬೇಸ್’, ‘ಡೀಪ್ ಬೇಸ್’, ‘ಥಂಡರ್’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ‘ಇದರಲ್ಲಿ ಹಾಡಿನ ಮಾತು ಅರ್ಥವಾಗುತ್ತೆ’ ಅಂತ ಬರೆದ ಡಬ್ಬ ನಾನಂತೂ ನೋಡಿಲ್ಲ.

ನಾನೂ ಅದೇ ಡಬ್ಬ ತಂದವನೇ. ಅದಕ್ಕೆ ತೆತ್ತ ಬೆಲೆಯನ್ನು ಮೊದಲು ಹೇಳಿಬಿಡ್ತೀನಿ, ಆಮೇಲೆ ಜಗಳ.

2019ರಲ್ಲಿ ತಂಗಿಯ ಮದುವೆ. ಬಳ್ಳಾರಿ ಹತ್ತಿರದ ನಮ್ಮೂರು ಕೊಳಗಲ್ಲಿನ ಮನೆಯಲ್ಲಿ ಅರಿಷಿಣ ಹಚ್ಚೋ ಹೊತ್ತಿಗೆ ಹೆಂಗಸರು ಸೋಬಾನೆ ಪದ ಹಾಡಿದರು. ನಮ್ಮವ್ವ ಎತ್ತಿಕೊಡೋದು, ಅವಳ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಮತ್ತೆ ಓಣಿಯ ನಾಕೈದು ಜನ ಹಿಂದೆ ಅನ್ನೋದು. ಫೋನಿನಲ್ಲಿ ಮೂರು ತುಂಡು ರೆಕಾರ್ಡ್ ಮಾಡಿಕೊಂಡೆ. ವಾಪಸ್ ಬರುವಾಗ ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ ಹೊಸ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಬರೀ ಗುಂಯ್ ಅನ್ನೋ ಸದ್ದು. ಫ್ಯಾನು, ಜನರೇಟರು, ಯಾರೋ ಬಾಗಿಲು ಬಡಿದದ್ದು, ಅದರ ನಡುವೆ ಎಲ್ಲೋ ಅವ್ವನ ದನಿ, ಕಂಬಳಿ ಹೊದ್ದುಕೊಂಡು ಹಾಡಿದಂಗೆ. ದೊಡ್ಡವ್ವನ ದನಿ ಇರಲೇ ಇಲ್ಲ. ಬೆಂಗಳೂರಿಗೆ ಬಂದಮೇಲೆ ಫೋನ್ ಮೆಮೊರಿ ತುಂಬಿತು. ಕ್ವಾಲಿಟಿ ಸರಿಯಿಲ್ಲ ಅಂತ ಎರಡು ತುಂಡು ಅಳಿಸಿಹಾಕಿದೆ. ಮೂರನೆಯದು ಸೋಮಾರಿತನದಿಂದ ಉಳಿಯಿತು.

ಎರಡು ವರ್ಷ ಬಿಟ್ಟು ದೊಡ್ಡವ್ವ ತೀರಿಕೊಂಡಳು. ಅದಾದ ಕೆಲವು ತಿಂಗಳಿಗೆ, ವಿಡಿಯೋ ಎಡಿಟಿಂಗ್ ಮಾಡೋ ಗೆಳೆಯನೊಬ್ಬನ ಮನೆಯಲ್ಲಿ ಅವನ ಕೆಲಸದ ಹೆಡ್‌ಫೋನ್ ಸಿಕ್ಕಿತು. ಸುರುಳಿ ಸುರುಳಿ ವೈರಿನದು, ನೋಡಾಕ ಹಳೇ ಟೆಲಿಫೋನ್ ಆಪರೇಟರ್ ಹಾಕ್ಕೊಂಡಂಗಿತ್ತು. ಸುಮ್ಮನೆ ಆ ತುಂಡು ಹಾಕಿದೆ. ಫ್ಯಾನು ಇತ್ತು, ಆದರೆ ಫ್ಯಾನಿನ ಜಾಗದಲ್ಲಿತ್ತು. ಅವ್ವ ಮುಂದೆ. ಅವಳ ಎಡಕ್ಕೆ, ಅರ್ಧ ಗೇಣು ತಡವಾಗಿ, ಪ್ರತಿ ಸಾಲಿನ ಕೊನೆಗೆ ಉಸಿರು ಸಾಲದೆ ಬಿಟ್ಟುಬಿಡೋ ದನಿ ಒಂದು. ದೊಡ್ಡವ್ವ. ರೆಕಾರ್ಡಿಂಗಿನಲ್ಲಿ ಮೊದಲಿಂದಲೂ ಇದ್ದಳು. ತಪ್ಪಿದ್ದು ನನ್ನ ಕಿವಿ ಮೇಲಿದ್ದ ವಸ್ತುವಿನಲ್ಲಿ. ಅಳಿಸಿದ ಎರಡು ತುಂಡಿನಲ್ಲಿ ಏನೇನಿತ್ತೋ, ಇನ್ನು ಗೊತ್ತಾಗೋ ದಾರಿಯಿಲ್ಲ.

ಹಿಂಗಾಗಿ ‘ಅವರವರ ಟೇಸ್ಟು ಬಿಡಿ ಸಾರ್’ ಅನ್ನೋ ಮಾತು ಕೇಳಿದರೆ ನನಗೆ ರೇಗುತ್ತೆ. ಊಟದಲ್ಲಿ ಟೇಸ್ಟು ಸರಿ. ಆದರೆ ಕನ್ನಡಕದ ಅಂಗಡಿಗೆ ಹೋಗಿ ‘ನನಗೆ ಸ್ವಲ್ಪ ಮಂಜು ಮಂಜಾಗಿ ಕಾಣೋ ಗ್ಲಾಸೇ ಇಷ್ಟ’ ಅಂತ ಯಾರಾದರೂ ಅಂತಾರಾ?

ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ, ಬಿಇ ಮಾಡಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಗಂಡಸು ಮಾತಾಡುವಾಗ ದನಿಯ ಮೂಲ ಕಂಪನ ಸೆಕೆಂಡಿಗೆ ನೂರು ನೂರಿಪ್ಪತ್ತರ ಆಸುಪಾಸು, ಅಂದರೆ 100–120 ಹರ್ಟ್ಸ್. ಹೆಂಗಸರದು ಸುಮಾರು 200. ಮಾತಿನ ಅರ್ಥ ಹೊರುವ ವ್ಯಂಜನಗಳ ಗುರುತು ಬಹುಪಾಲು ಇರೋದು ಅದಕ್ಕಿಂತ ಬಹಳ ಮೇಲೆ, 1,000ದಿಂದ 8,000 ಹರ್ಟ್ಸ್‌ವರೆಗೆ. ಇದಕ್ಕೆ ಪುರಾವೆ ನಿಮ್ಮ ಮನೆಯಲ್ಲೇ ಇತ್ತು. ಹಳೇ ಲ್ಯಾಂಡ್‌ಲೈನ್ ಫೋನ್ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ಮಾತ್ರ. ಅಪ್ಪನ ದನಿಯ ಮೂಲ ಕಂಪನ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ‘ಹಲೋ’ ಅಂದ ತಕ್ಷಣ ಅಪ್ಪ ಅಂತ ಗೊತ್ತಾಗುತ್ತಿತ್ತು, ದನಿ ಹೆಂಗಸಿನ ದನಿಯಂಗೂ ಕೇಳುತ್ತಿರಲಿಲ್ಲ. ಮೇಲಿನ ಪದರಗಳನ್ನು ಕೇಳಿಸಿಕೊಂಡು ಇಲ್ಲದ ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತೆ. ತಿರುಗಿಸಿ ನೋಡಿ: ಕೆಳಗಿನದನ್ನು ಎಷ್ಟೇ ಸುರಿದರೂ, ಮೇಲಿನದು ಇಲ್ಲದಿದ್ದರೆ ಮಿದುಳು ಮಾತನ್ನು ಹುಟ್ಟಿಸಲಾರದು.

‘ಬೇಸ್ ಜಾಸ್ತಿಯಾದರೆ ಬೇಸ್ ಜಾಸ್ತಿ ಕೇಳುತ್ತೆ ಅಷ್ಟೇ, ದನಿ ಎಲ್ಲಿ ಹೋಗುತ್ತೆ?’ ಅಂತ ವಾದ ಮಾಡ್ತಾರೆ. ಹೋಗುತ್ತೆ. ಕಿವಿಯೊಳಗೆ ಬಸವನಹುಳದ ಚಿಪ್ಪಿನಂಥ ಒಂದು ಕೊಳವೆ ಐತಿ, ಕಾಕ್ಲಿಯಾ ಅಂತ. ಅದರ ಬಾಗಿಲಲ್ಲೇ ಮೇಲಿನ ಸ್ವರಗಳ ಜಾಗ, ಒಳತುದಿಯಲ್ಲಿ ಕೆಳಗಿನ ಸ್ವರಗಳ ಜಾಗ. ಮುಂದಿನ ಬಾಗಿಲು ಮಾತ್ರ ತೆರೆದಿರೋ ಕೆಂಪು ಬಸ್ಸಿದ್ದಂಗೆ. ಹಿಂದಿನ ಸೀಟಿಗೆ ಹೋಗೋನು ಮೂಟೆ ಹೊತ್ತುಕೊಂಡು ಮುಂದಿನವರನ್ನೆಲ್ಲ ತಳ್ಳಿಕೊಂಡೇ ಹೋಗಬೇಕು; ಮುಂದೆ ಕೂತವನಿಂದ ಹಿಂದಿನವನಿಗೆ ಏನೂ ತೊಂದರೆಯಿಲ್ಲ. ಅದಕ್ಕೇ ಜೋರಾದ ಕೆಳಸ್ವರ ಮೇಲಿನ ಸ್ವರವನ್ನು ಮುಚ್ಚುವಷ್ಟು, ಮೇಲಿನದು ಕೆಳಗಿನದನ್ನು ಮುಚ್ಚೋದಿಲ್ಲ. ಬೇಸ್ ಅನ್ನೋ ಮೂಟೆ ದೊಡ್ಡದಾದಷ್ಟೂ ನಜ್ಜುಗುಜ್ಜಾಗೋದು ಬಾಗಿಲಲ್ಲಿ ನಿಂತ ವ್ಯಂಜನ.

ಕನ್ನಡಕ್ಕೆ ಇದು ಸಣ್ಣ ನಷ್ಟವಲ್ಲ. ಹುಲಿಗೂ ಹುಳಿಗೂ, ಕಲೆಗೂ ಕಳೆಗೂ ಇರೋ ವ್ಯತ್ಯಾಸ ನಾಲಿಗೆ ಎಷ್ಟು ಮಡಚಿತು ಅನ್ನೋದರಲ್ಲಿದೆ. ಆ ಮಡಚಿದ ಗುರುತು ದನಿಯಲ್ಲಿ ಬೀಳೋದು ಹೆಚ್ಚಾಗಿ 2,000–3,000 ಹರ್ಟ್ಸ್ ಸುತ್ತಮುತ್ತ. ಬೇಸ್ ಹೆಡ್‌ಫೋನುಗಳಲ್ಲಿ ಎಷ್ಟೋ ಮಾಡೆಲ್‌ಗಳು ಗುಳಿ ತೋಡೋದು ಸರಿಯಾಗಿ ಅಲ್ಲೇ. ಕೆಳಗೆ ಗುಡ್ಡ, ನಡುವೆ ಗುಳಿ, ಮೇಲೆ ಮತ್ತೆ ಮೊನಚು. ಅದಕ್ಕೆ ‘ಫನ್ ಸೌಂಡ್’ ಅಂತ ಹೆಸರು.

ಈ ಮೇಲಿನ ಮೊನಚಿನ ಬಗ್ಗೆಯೂ ಒಂದು ಮಾತು. ಬೇಸಿನವರನ್ನು ಬೈಯುವಾಗ ಖುಷಿಯಿಂದ ತಲೆಯಾಡಿಸೋ ಇನ್ನೊಂದು ಪಂಗಡ ಐತಿ, ಆಡಿಯೋಫೈಲ್ ಗುರುಗಳು. ಇವರ ಬಾಯಲ್ಲಿ ಯಾವಾಗಲೂ ‘ಡೀಟೇಲ್’. ಇವರು ಡೀಟೇಲ್ ಅನ್ನೋದು ಎಷ್ಟೋ ಸಲ 6,000–8,000 ಹರ್ಟ್ಸ್ ಹತ್ತಿರ ಖಾರ ಸುರಿದದ್ದು ಅಷ್ಟೇ. ಮೊದಲ ಐದು ನಿಮಿಷ ‘ಆಹಾ’ ಅನ್ನಿಸುತ್ತೆ. ಜಾನಕಿಯಮ್ಮನ ಒಂದೊಂದು ‘ಸ’ಕಾರವೂ ಸೂಜಿಯಾಗಿ ಚುಚ್ಚಾಕ ಶುರುಮಾಡಿ ಅರ್ಧ ಗಂಟೆಗೆ ತಲೆನೋವು. ನಿಜವಾದ ವಿವರ ಅಂದರೆ ಸಣ್ಣ ಸದ್ದು ದೊಡ್ಡದಾಗೋದಲ್ಲ, ಸಣ್ಣದಾಗಿಯೇ ಇದ್ದು ಕಾಣಿಸೋದು.

ಗಂಗೂಬಾಯಿ ಹಾನಗಲ್ ಅವರ ಕಛೇರಿಯ ಧ್ವನಿಮುದ್ರಿಕೆ ಒಂದನ್ನು ಹಾಕಿ ನೋಡಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿ ಬದಲಾಗಿ ಗಡುಸಾಯಿತು ಅನ್ನೋದು ಎಲ್ಲರಿಗೂ ಗೊತ್ತು. ಕಛೇರಿಗಳಲ್ಲಿ ಮಗಳು ಕೃಷ್ಣಾ ಹಾನಗಲ್ ಜೊತೆಗೆ ಹಾಡುತ್ತಿದ್ದರು. ಬೇಸ್ ಹೆಡ್‌ಫೋನಿನಲ್ಲಿ ಅಮ್ಮನ ದನಿ ಕೊಡದೊಳಗೆ ಬಾಯಿಟ್ಟು ಹಾಡಿದಂಗಾಗಿ ಮಗಳ ದನಿ ಅದರೊಳಗೆ ಕರಗಿಹೋಗುತ್ತೆ. ಮೊನಚು ಹೆಡ್‌ಫೋನಿನಲ್ಲಿ ಮಗಳು ಮುಂದೆ ಬಂದು ಅಮ್ಮ ತೆಳುವಾಗ್ತಾರೆ. ಎರಡೂ ತಪ್ಪು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಕೂತು, ಹಿಂದೆ ತಂಬೂರಿಯ ಜವಾರಿ ಜೇನುಹುಳದಂತೆ ಬಿಡದೆ ಕೇಳಿದರೆ ಆ ಹೆಡ್‌ಫೋನನ್ನು ನಂಬಬಹುದು. ಕುಮಾರ ಗಂಧರ್ವರದೂ ಹಂಗೇ. ಕ್ಷಯ ಬಂದು ಒಂದು ಶ್ವಾಸಕೋಶ ಕೈಕೊಟ್ಟು, ವರ್ಷಗಟ್ಟಲೆ ಹಾಡದೆ ಮಲಗಿ ಎದ್ದುಬಂದ ಮನುಷ್ಯ ಅವರು. ಆಮೇಲಿನ ಅವರ ಗಾಯನದಲ್ಲಿ ತುಂಡು ತುಂಡು ಸ್ವರವಾಕ್ಯಗಳ ನಡುವಿನ ಉಸಿರು ಕೇಳದಿದ್ದರೆ ಅರ್ಧ ಸಂಗೀತ ಕೇಳಿದಂಗಾಯ್ತು. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರರ ರಂಗಗೀತೆ ಸಿಕ್ಕರೆ ಅದನ್ನೂ ಹಾಕಿ. ಕೊನೇ ಸಾಲಿನವನಿಗೂ ಮಾತು ಮುಟ್ಟಬೇಕು ಅನ್ನೋ ನಾಟಕದ ಪರಂಪರೆಯವರು. ಅಷ್ಟು ಸ್ಪಷ್ಟ ಉಚ್ಚಾರವನ್ನೂ ಹಾಳು ಮಾಡೋ ಹೆಡ್‌ಫೋನು ಇನ್ನೇನನ್ನು ಉಳಿಸೀತು?

ಹಂಗಾದರೆ ನ್ಯೂಟ್ರಲ್ ಅಂದರೆ ಬೇಸೇ ಇಲ್ಲದ ಸಪ್ಪೆ ಅಂತಲಾ? ಅಲ್ಲ, ಇದು ಆ ಕಡೆಯವರ ಅಪಪ್ರಚಾರ. ಕಿವಿಯ ಹೊರರಂಧ್ರವೇ 3,000 ಹರ್ಟ್ಸ್ ಸುತ್ತ ಸದ್ದನ್ನು ಹಿಗ್ಗಿಸುತ್ತೆ, ಒಳ್ಳೆಯ ಹೆಡ್‌ಫೋನು ಅದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಕೋಣೆಯಲ್ಲಿ ಸ್ಪೀಕರ್ ಇಟ್ಟರೆ ಗೋಡೆಗಳು ಸ್ವಲ್ಪ ಬೇಸ್ ಸೇರಿಸುತ್ತವೆ, ಅದನ್ನೂ ಹಿಡಿದಿರಬೇಕು. ಶಾನ್ ಆಲಿವ್ ಮತ್ತು ಸಂಗಡಿಗರು ಹರ್ಮನ್ ಸಂಸ್ಥೆಯಲ್ಲಿ ಜನರಿಗೆ ಕೇಳಿಸಿ ಕೇಳಿಸಿ ಒಂದು ಗುರಿರೇಖೆ ಮಾಡಿದರಲ್ಲ, ಅದರಲ್ಲೂ ಕೆಳಗೆ ಒಂದು ಸಣ್ಣ ದಿನ್ನೆ ಇದ್ದೇ ಇದೆ. ದಿನ್ನೆಗೆ ನನ್ನ ತಕರಾರಿಲ್ಲ, ಗುಡ್ಡಕ್ಕೆ ತಕರಾರು. ಇನ್ನೊಂದು ಒಪ್ಪಿಕೊಳ್ತೀನಿ: ಔಟರ್ ರಿಂಗ್ ರೋಡಿನಲ್ಲಿ ಕಂಪನಿ ಬಸ್ಸಿನ ಎಂಜಿನ್ ಗುರ್ ಅನ್ನುವಾಗ ಆ ಸದ್ದು ಹಾಡಿನ ಬೇಸನ್ನು ನುಂಗುತ್ತೆ, ಅಲ್ಲಿ ಸ್ವಲ್ಪ ಜಾಸ್ತಿ ಬೇಕೆನಿಸಿದರೆ ತಪ್ಪಿಲ್ಲ. ಮನೆಗೆ ಬಂದಮೇಲೂ ಅದೇ ಎಂಜಿನ್ನನ್ನು ಕಿವಿಯಲ್ಲಿ ಇಟ್ಟುಕೊಳ್ಳೋದು ಯಾವ ಕರ್ಮ?

ಏನು ಕೊಳ್ಳಲಿ ಅಂತ ಕೇಳಿದರೆ ನಾನು ಹೊಸ ಮಾಡೆಲ್ ಹೇಳೋದಿಲ್ಲ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ. ಕಂಠಕ್ಕೆ ಅದರ ಹೆಸರು ಇವತ್ತಿಗೂ ಮೊದಲು ಬರುತ್ತೆ. ಆದರೆ ಹಿಂಬದಿ ತೆರೆದದ್ದು, ನೀವು ಕೇಳೋದು ಪಕ್ಕದವರಿಗೂ ಕೇಳುತ್ತೆ. 300 ಓಮ್ ಇರೋದರಿಂದ ಫೋನಿಗೆ ಹಾಕಿದರೆ ಸದ್ದು ಸಾಲೋದಿಲ್ಲ, ಆಂಪ್ಲಿಫೈಯರ್ ಬೇಕು. ಪಿಜಿ ರೂಮಿನಲ್ಲಿ ಇರೋರಿಗೆ ಅದು ಬೇಡ. ನನ್ನ ಗೆಳೆಯನ ಸುರುಳಿ ವೈರಿನದು ಸೋನಿಯ ಎಂಡಿಆರ್ 7506, ಅದಂತೂ 1991ರದು, ಸ್ಟುಡಿಯೋಗಳಲ್ಲಿ ದುಡಿಯೋ ಎತ್ತು. ಮುಚ್ಚಿದ ಹಿಂಬದಿ, ಫೋನಿಗೇ ನಡೆಯುತ್ತೆ. ಮೇಲಿನ ಸ್ವರ ಸ್ವಲ್ಪ ಖಾರ, ಅದನ್ನು ಮುಚ್ಚಿಡೋದಿಲ್ಲ. ಎರಡೂ ನಿಮ್ಮ ಕೈಗೆ ಮೀರಿದ್ದಾದರೆ ಒಂದು ಪೈಸೆ ಖರ್ಚಿಲ್ಲದ ಕೆಲಸ ಐತಿ: ಈಗಿರೋ ಹೆಡ್‌ಫೋನಿನ ಆಪ್ ತೆರೆದು ಬೇಸ್ ಬೂಸ್ಟ್ ಆಫ್ ಮಾಡಿ, ಈಕ್ವಲೈಸರಿನಲ್ಲಿ 200ರ ಕೆಳಗಿನದನ್ನು ನಾಕೈದು ಡೆಸಿಬೆಲ್ ಇಳಿಸಿ. ಮೊದಲ ದಿನ ಉಪ್ಪಿಲ್ಲದ ಸಾರಿನಂಗಿರುತ್ತೆ. ಒಂದು ವಾರ ತಡಕೊಳ್ಳಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅವರು ಹಾಕೋ ಡೆಮೋ ಟ್ರ್ಯಾಕ್ ಮಾತ್ರ ಕೇಳಬೇಡಿ. ಅದು ಮದುವೆ ಹೆಣ್ಣಿಗೆ ಬಳಿದ ಪೌಡರ್. ನಿಮಗೆ ನೇರವಾಗಿ ಗೊತ್ತಿರೋ ದನಿ ಒಂದನ್ನು ಒಯ್ಯಿರಿ. ಲತಾ ಮಂಗೇಶ್ಕರ್ ಎದುರಿಗೆ ಕೂತು ಹಾಡಿದರೆ ಹೆಂಗಿರುತ್ತಿತ್ತು ಅನ್ನೋದು ನಮಗೆ ಗೊತ್ತಿಲ್ಲ. ಅಪ್ಪ ಕೆಮ್ಮಿ ಮಾತು ಶುರುಮಾಡೋದು, ಹೆಂಡತಿ ಸಿಟ್ಟಿನಲ್ಲಿ ‘ಹೂಂ’ ಅನ್ನೋದು ಗೊತ್ತು. ಅಂಥದ್ದೊಂದು ವಾಯ್ಸ್ ಮೆಸೇಜ್ ಸಾಕು. ಎರಡು ಹೆಡ್‌ಫೋನಿನ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸಿ, ಯಾಕಂದರೆ ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತೆ. ಆ ದನಿ ಅವರದ್ದೇ ಅನ್ನಿಸಿದರೆ ದುಡ್ಡು ಕೊಡಿ. ಸೇಲ್ಸ್ ಹುಡುಗ ‘ಸಾರ್, ಇದರಲ್ಲಿ ಪಂಚ್ ಇಲ್ಲ’ ಅಂತಾನೆ. ಅನ್ನಲಿ.

ಹೋದ ಯುಗಾದಿಗೆ ಊರಿಗೆ ಹೋದಾಗ ಉಳಿದ ಆ ಒಂದು ತುಂಡನ್ನು ಅವ್ವನಿಗೆ ಕೇಳಿಸಿದೆ. ಹೆಡ್‌ಫೋನು ಸೆರಗಿನ ಮೇಲಿಂದಲೇ ಹಾಕ್ಕೊಂಡಳು, ಸರಿಮಾಡಿದೆ. ಕಣ್ಣು ಮುಚ್ಚಿ ಕೂತಳು. ಅಕ್ಕನ ದನಿ ಕೇಳಿ ಅಳ್ತಾಳೇನೋ ಅಂತ ನಾನು ಕಾಯ್ತಿದ್ದೆ. ಸ್ವಲ್ಪ ಹೊತ್ತಿಗೆ ಕೈಯೆತ್ತಿ ನಿಲ್ಲಿಸು ಅಂದಳು.

‘ಇಲ್ಲಿ ನಾನು ಸಾಲು ತಪ್ಪೀನಿ ನೋಡು. ಅಕ್ಕ ಸರಿಯಾಗಿ ಅಂದಾಳ. ಅವತ್ತು ನನಗ ಕೇಳೇ ಇಲ್ಲ. ಇನ್ನೊಮ್ಮಿ ಹಚ್ಚು.’