ಬೆಳಕಿಗೆ ಕೃತಜ್ಞತೆ ಇರಲಿ, ಭಯ ಬೇಡ



ಈಜಿಪ್ಟಿನವರು ಸೂರ್ಯನನ್ನು 'ರಾ' ಎಂದು, ಪೆರುವಿನ ಇಂಕಾ ಜನರು 'ಇಂತಿ' ಎಂದು ಪೂಜಿಸಿದರು. ಮೆಸೊಪಟೇಮಿಯದ ಉರ್ ನಗರದಲ್ಲಿ ಚಂದ್ರನಿಗೆ ಗುಡಿಯಿತ್ತು. ನಮ್ಮಲ್ಲಿ ಸಂಕ್ರಾಂತಿ, ಹುಣ್ಣಿಮೆಗಳಿವೆ. ಬೆಳೆ ಬೆಳೆಸುವ ಬೆಳಕಿಗೆ ರೈತ ಕೈಮುಗಿದರೆ ಅದು ಕೃತಜ್ಞತೆ, ತಪ್ಪೇನಿಲ್ಲ.

ಗ್ರಹಣ ಬಂದೊಡನೆ ಆ ಕೃತಜ್ಞತೆಯೇ ಭಯವಾಗುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು, ಶರಣರು ನಡೆದಾಡಿದ ಕಲಬುರಗಿಯ ನೆಲದಲ್ಲೇ, ತಾಜಸುಲ್ತಾನಪುರದಲ್ಲಿ ವಿಕಲಚೇತನ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೆತ್ತವರಲ್ಲಿ ಪ್ರೀತಿಯಿತ್ತು; ತಿಳಿವು ತಲುಪಿರಲಿಲ್ಲ.

ಅದೇ ಸೂರ್ಯನನ್ನು ನಮ್ಮ ಗೌರಿಬಿದನೂರಿನ ಬಯಲಿನಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ರೇಡಿಯೊ ದೂರದರ್ಶಕ 1997ರಿಂದ ಗಮನಿಸುತ್ತಿದೆ. ಒಂದು ಕಾಯದ ನೆರಳು ಇನ್ನೊಂದರ ಮೇಲೆ ಬೀಳುವುದೇ ಗ್ರಹಣ, ನೆರಳಿಗೆ ಮೈಲಿಗೆಯಿಲ್ಲ.

ಬಸವಾದಿ ಶರಣರು ದಿನ, ತಿಥಿ, ಸೂತಕಗಳ ಭಯವನ್ನು 12ನೇ ಶತಮಾನದಲ್ಲೇ ಅಲ್ಲಗಳೆದರು. ಅಂಗೈಯ ಇಷ್ಟಲಿಂಗಕ್ಕೆ ಗ್ರಹಣ ಹಿಡಿಯದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶರಣರ ಮನೆಗಳಲ್ಲಿ ಮುಂದಿನ ಗ್ರಹಣದಂದು ಒಲೆ ಆರದಿರಲಿ, ಗರ್ಭಿಣಿ ಹಸಿದಿರದಿರಲಿ. ಸೂರ್ಯಗ್ರಹಣವಾದರೆ ಮಕ್ಕಳು ಗ್ರಹಣದ ಕನ್ನಡಕ ಹಾಕಿ ನೋಡಲಿ. ಮಠಗಳ ಬಾಗಿಲು ತೆರೆದಿರಲಿ, ದಾಸೋಹ ನಡೆಯಲಿ.